ಬೀಗದತ್ತೆಯ ಸಾಲು

ನಾನೂ ಒಬ್ಬ ಲೇಖಕ. ನನ್ನನ್ನು ಓದಿದವರು ಲಕ್ಷಗಟ್ಟಲೆ ಇದ್ದಾರೆ, ಓದಿ ಹಲ್ಲು ಕಡಿದವರೂ ಹೆಚ್ಚುಕಡಿಮೆ ಅಷ್ಟೇ. ಊಟದ ನಡುವೆ ನಿಮ್ಮ ಫೋನು ಟಿಣ್ಣೆಂದು, ‘ಯಾರೋ ನಿಮ್ಮನ್ನು ನೆನೆಸಿಕೊಂಡಿದ್ದಾರೆ, ಯಾರೆಂದು ನೋಡಿ’ ಅಂದಿದ್ದರೆ, ನೀವು ಎಂಜಲು ಕೈಯಲ್ಲೇ ಅದನ್ನು ಎತ್ತಿಕೊಂಡಿದ್ದರೆ, ಒಳಗೆ ಯಾರೂ ನೆನೆಸಿಕೊಂಡಿರದೆ ಒಂದು ಜೊತೆ ಚಪ್ಪಲಿಯ ಜಾಹೀರಾತು ಮಾತ್ರ ಇದ್ದಿದ್ದರೆ, ಆ ವಾಕ್ಯ ನನ್ನದೇ ಇರಬಹುದು. ಒಂದು ದೊಡ್ಡ ಆ್ಯಪಿನ ಕಂಪನಿಯಲ್ಲಿ ನನಗೆ ಇದೇ ಉದ್ಯೋಗ. ಸಂಬಳಕ್ಕಾಗಿ ಸುಳ್ಳು ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನ. ಫೋನಿನ ಪರದೆಯ ಅಗಲ ಮೀರದ ಹಾಗೆ ಸುಳ್ಳು ಹೇಳಬೇಕೆಂಬ ಕಟ್ಟುಪಾಡಿರುವುದು ನಮಗೆ ಮಾತ್ರ.

ಈ ಕಸುಬಿನವರಿಗೆ ಅಂಟುವ ಒಂದು ಕಾಯಿಲೆಯಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ನಮಗೆ ಕಂಡದ್ದೆಲ್ಲ ಗಾಳ. ಯಾರಾದರೂ ‘ಚೆನ್ನಾಗಿದ್ದೀಯಾ?’ ಎಂದರೆ ಸಾಕು, ಇವನು ನನ್ನ ಕೈಯಲ್ಲಿ ಏನನ್ನು ಒತ್ತಿಸಬೇಕೆಂದಿದ್ದಾನೆ ಎಂದು ಯೋಚಿಸುತ್ತೇನೆ. ಈ ಕಾಯಿಲೆಯನ್ನು ಹಾಸಿಗೆಯ ಜೊತೆ ಸುತ್ತಿಕೊಂಡೇ ನಾನು ನಮ್ಮ ಅತ್ತೆಯ ಮನೆಯ ಮಹಡಿ ಕೋಣೆಗೆ ಬಂದು ಸೇರಿದೆ. ಅತ್ತೆ ಎಂದರೆ ಅಪ್ಪನ ತಂಗಿ. ಮಹಡಿಯಲ್ಲಿ ನಾನು, ಕೆಳಗೆ ಅವಳು, ಬೀದಿಗೆ ಮುಖಮಾಡಿದ ಮುಂದಿನ ಕೋಣೆಯಲ್ಲಿ ಅವಳ ಅಂಗಡಿ. ಅವಳು ಕಳೆದುಹೋದ ಕೀಗಳಿಗೆ ಮರುಜನ್ಮ ಕೊಡುವವಳು. ಬೀದಿಯ ಹಿರಿಯರು ಕಿರಿಯರೆಲ್ಲ ಅವಳನ್ನು ಕರೆಯುವುದು ಬೀಗದತ್ತೆ ಎಂದೇ.

ಅಂಗಡಿಯ ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಬಾರದ ಕೀಗಳು. ಗಿರಾಕಿ ತನ್ನ ಕೀ ಕೊಟ್ಟರೆ ಅತ್ತೆ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೀಯ ಬದಲು ಗಿರಾಕಿಯನ್ನೇ ನೋಡುತ್ತಾಳೆ. “ಯಾರ ಮನೇದು?” ಅನ್ನುತ್ತಾಳೆ. ಉತ್ತರ ಸಮಾಧಾನ ತಂದರೆ ಮಾತ್ರ ಯಂತ್ರದ ಸ್ವಿಚ್ಚು ಹಾಕುವುದು. ಕೊರೆದು, ಅರದಿಂದ ಉಜ್ಜಿ, ಹಿತ್ತಾಳೆ ಪುಡಿ ಊದಿ, ಹಳೆಯದು ಹೊಸದು ಎರಡನ್ನೂ ಗಿರಾಕಿಯ ಕೈಗಿಟ್ಟ ಮೇಲೆ ತನ್ನ ಎರಡೂ ಅಂಗೈಗಳನ್ನು ಬಿಚ್ಚಿ ಅವರ ಮುಖದ ಮುಂದೆ ಹಿಡಿಯುತ್ತಾಳೆ. ‘ನೋಡಿಕೊಳ್ಳಿ, ನನ್ನ ಹತ್ತಿರ ಏನೂ ಉಳಿದಿಲ್ಲ’ ಎಂದು ಅದರ ಅರ್ಥ. ಕಸುಬು ಕಲಿಸಿದ ಅವಳ ಮಾವ ಕಲಿಸಿದ್ದಂತೆ ಅದು. ಬೀಗದವರ ಬಂಡವಾಳ ಯಂತ್ರವಲ್ಲ, ಆ ಖಾಲಿ ಅಂಗೈ. ಇವಳ ಹತ್ತಿರ ಇನ್ನೊಂದು ಕೀ ಉಳಿದಿದೆ ಎಂದು ಬೀದಿಗೆ ಒಂದು ಸಲ ಅನಿಸಿದರೆ ಸಾಕು, ಅಂಗಡಿಯ ಬಾಗಿಲು ಮುಚ್ಚಿದ ಹಾಗೆ.

ಎಲ್ಲರ ನಂಬಿಕೆಯ ಮೇಲೆ ಬದುಕುವ ನಮ್ಮತ್ತೆ ತಾನು ಮಾತ್ರ ಯಾರನ್ನೂ ನಂಬುವವಳಲ್ಲ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತುದಿಯವರೆಗೆ ಹೋಗಿ, ಮರಳಿ ಬಂದು ಇನ್ನೊಮ್ಮೆ ಎಳೆಯುತ್ತಾಳೆ. ಬ್ಯಾಂಕಿನವರು ನಮಸ್ಕಾರ ಅಂದರೆ ಪರ್ಸು ಮುಟ್ಟಿ ನೋಡಿಕೊಳ್ಳುತ್ತಾಳೆ. ಮನೆಯ ಗಡಿಯಾರಗಳನ್ನೂ ನಂಬುವುದಿಲ್ಲ. ತನ್ನನ್ನೇ ನಂಬುವುದಿಲ್ಲ ಎನ್ನುವುದು ಹೆಚ್ಚು ಸರಿ. ಹೊತ್ತಿಗೆ ಸರಿಯಾಗಿ ಏಳಲಾರೆನೆಂದು ಗೋಡೆಯ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದಾಳೆ. ಅಂಗಡಿಯ ಗಡಿಯಾರ ಬೀದಿಗೆ ಕಾಣುವುದರಿಂದ ಬೀದಿಯವರೆಲ್ಲ ಅದನ್ನು ನೋಡಿ, ಹತ್ತು ಕಳೆದು, ಬಸ್ಸಿಗೆ ಹೊರಡುತ್ತಾರೆ. ‘ಸರಿಯಾದ ಟೈಮಾ, ಬೀಗದತ್ತೆ ಟೈಮಾ?’ ಎಂದು ಕೇಳುವುದು ನಮ್ಮಲ್ಲಿ ಮಾಮೂಲು.

ಸಾಲು ಶುರುವಾದದ್ದೂ ಇಂಥ ಒಂದು ಅನುಮಾನದಿಂದಲೇ.

ಅತ್ತೆಗೆ ಹಿಂದಿನ ಬೀದಿಯಲ್ಲಿ ಒಬ್ಬಳು ಹಳೆಯ ಗೆಳತಿ ಇದ್ದಳು. ಮಗಳ ಜೊತೆ ಇರಲು ದೂರದೇಶಕ್ಕೆ ಹೊರಟವಳು, ‘ನಾಳೆ ಹೋಗ್ತಿದ್ದೀನಿ, ಸಂಜೆ ಎಲ್ಲರೂ ಬಂದು ಮುಖ ತೋರಿಸಿ’ ಎಂದು ನಮ್ಮ ಕಂಪನಿಯ ಆ್ಯಪಿನಲ್ಲಿ ಬರೆದಳು. ಆ್ಯಪು ಅದನ್ನು ಅತ್ತೆಗೆ ತೋರಿಸಿದ್ದು ವಿಮಾನ ಹಾರಿದ ಮೇಲೆ. ಅಲ್ಲಿಯವರೆಗೆ ತೋರಿಸಿದ್ದು ಸೋಫಾದ ಮೇಲಿಂದ ಬೀಳುವ ಬೆಕ್ಕನ್ನು, ಯಾರದೋ ಗಂಡಹೆಂಡಿರ ಜಗಳವನ್ನು, ಚಪ್ಪಲಿಗಳನ್ನು. ಅತ್ತೆ ಒಂದು ಶಾಲು ಹಿಡಿದುಕೊಂಡು ಓಡಿದರೆ ಮನೆಗೆ ಬೀಗ. ಊರಿನ ಬೀಗಗಳನ್ನೆಲ್ಲ ತೆಗೆದವಳು ಆ ಬಾಗಿಲ ಮುಂದೆ ಶಾಲು ಹಿಡಿದು ನಿಂತಿದ್ದಳಂತೆ.

“ನನ್ನ ಮುಂದೆ ಬಂದು ನಿಂತಿದ್ದವಳನ್ನ ಹಿಂದಕ್ಕೆ ತಳ್ಳಿದ್ದು ಯಾರೋ?” ಎಂದು ನನ್ನನ್ನು ಕೇಳಿದಳು.

“ಅದು ಯಂತ್ರ ತೀರ್ಮಾನ ಮಾಡುತ್ತೆ ಅತ್ತೆ. ನಿನಗೆ ಯಾವುದು ಇಷ್ಟ ಅಂತ ನೋಡಿಕೊಂಡು...”

“ನನಗೆ ಬೆಕ್ಕು ಇಷ್ಟ ಅಂತ ಯಂತ್ರಕ್ಕೆ ಹೇಳಿದವರು ಯಾರು? ನನ್ನ ಗೆಳತಿಗಿಂತಾ?”

ನಾನು ಟೀ ಲೋಟದೊಳಗೆ ಬಹಳ ಆಸಕ್ತಿಯಿಂದ ನೋಡತೊಡಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನಗೆ ಗೊತ್ತಿತ್ತು. ಅದಕ್ಕೇ ಹೆಗಲು ಮುಟ್ಟಲಿಲ್ಲ.

ಅದೇ ತಿಂಗಳು ಲೈಬ್ರರಿಯ ಕಂಪ್ಯೂಟರು ನೋಡಿಕೊಳ್ಳುವವರೊಬ್ಬರು ತಮ್ಮ ಮನೆಯ ಹೊರಗೆ ತಾವೇ ಸಿಕ್ಕಿಕೊಂಡು ಅತ್ತೆಯನ್ನು ಕರೆದರು. ಬೀಗ ತೆಗೆಯುತ್ತ ಅತ್ತೆ ಬೆಕ್ಕಿನ ಕಥೆ ಹೇಳಿದಳು. ಅವರೋ ಇಂಥ ಮಾತಿಗೇ ಕಾಯುತ್ತಿದ್ದ ಜಾತಿ. “ಒಂದೇ ದೊಡ್ಡ ಅರಮನೇಲಿ ಎಲ್ಲರೂ ಯಾಕೆ ಬಾಡಿಗೆಗಿರಬೇಕು?” ಅಂದರಂತೆ. “ಸಣ್ಣ ಸಣ್ಣ ಮನೆ ಮಾಡಿಕೊಂಡಿರೋರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಬೀದಿಗೆ ನಿಮ್ಮದೇ ಸರ್ವರು, ಅಂದ್ರೆ ಎಲ್ಲರ ಮಾತನ್ನ ಇಟ್ಟುಕೊಳ್ಳೋ ಒಂದು ಕಂಪ್ಯೂಟರು. ಒಡೆಯನೂ ಇಲ್ಲ, ಜಾಹೀರಾತೂ ಇಲ್ಲ. ಬೇರೆ ಮನೆಯೋರ ಜೊತೆ ಕಿಟಕಿಯಿಂದ ಕಿಟಕಿಗೆ ಮಾತಾಡಬಹುದು. ಯಾರು ಯಾವಾಗ ಬರೆದ್ರೋ ಅದೇ ಕ್ರಮದಲ್ಲಿ ಕಾಣುತ್ತೆ.”

“ಮಧ್ಯೆ ಯಾರನ್ನೂ ತೂರಿಸೋಕಾಗಲ್ವಾ?”

“ಆಗಲ್ಲ.”

“ನನಗೂ?”

“ನೀವ್ಯಾಕೆ ತೂರಿಸ್ತೀರಿ?” ಎಂದು ಅವರು ನಕ್ಕರಂತೆ. ಪ್ರಶ್ನೆಗೆ ಅದು ಉತ್ತರವಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ಹೀಗೆ ಒಂದು ಹಳೆಯ ಕಂಪ್ಯೂಟರು ಅಂಗಡಿಗೆ ಬಂತು. ಅದಕ್ಕೆ ‘ಸಾಲು’ ಎಂದು ಹೆಸರಿಟ್ಟವಳು ಅತ್ತೆಯೇ. ಟಿಕೆಟ್ಟಿಗೋ ನಲ್ಲಿಗೋ ನಿಂತ ಹಾಗೆ, ಬಂದವರು ಬಂದ ಹಾಗೆ ನಿಲ್ಲಬೇಕು, ಅಷ್ಟೇ. ಗಾಳಿಯಾಡಲು ತೂತು ಕೊರೆದ ಒಂದು ಕಪಾಟಿನೊಳಗೆ ಅದನ್ನು ಕೂರಿಸಿ ಎರಡು ಬೀಗ ಜಡಿದಳು. ಮೊದಲು ಹತ್ತು ಜನ ಸೇರಿದರು, ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ಮಿಕ್ಕವರೂ ಸೇರಿದರು. ನೀರು ಬಂತು, ಬೆಕ್ಕು ಕಳೆದಿದೆ, ಗ್ಯಾಸಿನವನು ಬೀದಿಯ ತುದಿಯಲ್ಲಿದ್ದಾನೆ, ನನ್ನ ಸೊಸೆಗೆ ಬುದ್ಧಿ ಹೇಳುವವರಿದ್ದರೆ ಹೇಳಿ. ಎಲ್ಲವೂ ಸಾಲಾಗಿ ಬರುತ್ತಿತ್ತು. ಯಾವುದನ್ನೂ ಯಾರೂ ಹೊತ್ತು ಮೇಲಕ್ಕೆ ತರುತ್ತಿರಲಿಲ್ಲ. ಓದಿ ಮುಗಿದರೆ ನಿಜವಾಗಿಯೂ ಮುಗಿಯುತ್ತಿತ್ತು. ನಮ್ಮ ಕಂಪನಿಯಲ್ಲಿ ‘ಮುಗಿಯಿತು’ ಎನ್ನುವುದು ಬೈಗುಳ.

ಜನಕ್ಕೆ ಅದರಲ್ಲೇ ಒಂದು ನೆಮ್ಮದಿ. ನನಗೆ ಮಾತ್ರ ಇಲ್ಲ. ಯಾಕೆ ಮಾಡುತ್ತಿದ್ದಾಳೆ ಇವಳು ಇದನ್ನು? ಕರೆಂಟು ಇವಳದು, ಕಪಾಟು ಇವಳದು, ಬರುವುದೇನು? ನಮ್ಮ ಕಸುಬಿನ ಮೊದಲ ಪಾಠವೇ, ಪೆಟ್ಟಿಗೆಯ ಕೀ ಯಾರ ಹತ್ತಿರವೋ ಅವರಿಗೆ ಕಾಣದ್ದು ಏನೂ ಇಲ್ಲ ಎಂಬುದು. ಒಬ್ಬರು ಇನ್ನೊಬ್ಬರಿಗೆ ಗುಟ್ಟಾಗಿ ಬರೆದದ್ದನ್ನೂ ಓದಬಹುದು. ಎಲ್ಲರ ಮನೆಯ ಕೀ ಹಿಡಿದವಳು ಈಗ ಎಲ್ಲರ ಮಾತಿನ ಕೀಯನ್ನೂ ಹಿಡಿದು ಕುಳಿತಿದ್ದಾಳೆ!

ಪರೀಕ್ಷಿಸಿ ನೋಡಿಬಿಡೋಣ ಎಂದು ಒಂದು ಗಾಳ ಹಾಕಿದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವನನ್ನು ಸಾಲಿಗೆ ಸೇರಿಸಿ, ಅವನಿಗೆ ಗುಟ್ಟಾಗಿ ಬರೆದೆ: ‘ನಮ್ಮತ್ತೆಯ ಟೀ ಅಂದರೆ ಬಿಸಿನೀರಿಗೆ ದೂರದಿಂದ ಟೀಪುಡಿ ತೋರಿಸಿದ ಹಾಗೆ.’ ಒಂದೆರಡು ದಿನ ಕಳೆಯಿತು. ಒಂದು ಬೆಳಿಗ್ಗೆ ಟೀ ಬಂತು. ಕಪ್ಪಗೆ, ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ.

“ಹೇಗಿದೆ?” ಅಂದಳು ಅತ್ತೆ, ಕಣ್ಣು ಕಿರಿದು ಮಾಡಿ.

ನಾನು ಲೋಟ ಕೆಳಗಿಟ್ಟೆ. ಓದಿದ್ದಾಳೆ! ಅಂದಿನಿಂದ ನಾನು ಸಾಲಿನಲ್ಲಿ ಬರೆದದ್ದೆಲ್ಲ ‘ಶುಭೋದಯ’ ಮಾತ್ರ.

ಆಮೇಲೆ ಬಂತು ರೂಮಿನ ಗಲಾಟೆ.

ಮೂಲೆಮನೆಯ ಅಜ್ಜಿಗೆ ಬೀದಿಯ ಕಡೆ ಬಾಗಿಲಿರುವ ಒಂದು ಸಣ್ಣ ರೂಮು ಇತ್ತು. ಬಹಳ ಕಾಲ ಹಳೆಯ ಮಂಚ ತುಂಬಿದ್ದ ಅದನ್ನು ಖಾಲಿ ಮಾಡಿಸಿ ಅಂಗಡಿಗೆ ಕೊಡುತ್ತೇನೆ ಎಂದಳು. ಕೇಳುವವರು ಇಬ್ಬರು. ಒಬ್ಬ ಛತ್ರಿ ಮಾವ. ಛತ್ರಿ, ಬ್ಯಾಗಿನ ಜಿಪ್ಪು ರಿಪೇರಿ ಮಾಡುತ್ತ ಫುಟ್‌ಪಾತಿನ ಮೇಲೆ ಒಂದು ದೊಡ್ಡ ಛತ್ರಿಯಡಿ ಕೂರುವವನು. ಊರಿನ ಛತ್ರಿಗಳನ್ನೆಲ್ಲ ಸರಿಮಾಡುವವನ ಛತ್ರಿ ಮಾತ್ರ ಸೋರುತ್ತದೆ. ಇನ್ನೊಬ್ಬಳು ಹೊಲಿಗೆಯಕ್ಕ. ಅಡಿಗೆಮನೆಯಲ್ಲಿ ಮಿಷನ್ನು ಇಟ್ಟುಕೊಂಡವಳು. ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಮನೆಯ ಮಾಲೀಕ ದಿನವೂ ಗೋಡೆ ಗುದ್ದುತ್ತಿದ್ದ. ಇವಳು ಅತ್ತೆಯ ಜೀವದ ಗೆಳತಿ. ಮಧ್ಯಾಹ್ನದ ಟೀ ಇಬ್ಬರೂ ಅಂಗಡಿಯಲ್ಲೇ ಕುಡಿಯುವುದು.

ಇಬ್ಬರ ಕಡೆಯವರೂ ಬಂದು ಬಂದು ಅಜ್ಜಿಯ ತಲೆ ತಿಂದರು. ಅಜ್ಜಿ ರೋಸಿಹೋಗಿ, “ನನಗೆ ಯಾರ ಶಿಫಾರಸೂ ಬೇಡ. ನಾಳೆ ಬೆಳಿಗ್ಗೆ ಸಾಲಲ್ಲಿ ಹಾಕ್ತೀನಿ. ಅದರ ಕೆಳಗೆ ಯಾರು ಮೊದಲು ಕೇಳ್ತಾರೋ ಅವರಿಗೆ. ಬೀಗದತ್ತೆ ಸಾಲಲ್ಲಿ ಮೋಸ ಇಲ್ಲ,” ಎಂದುಬಿಟ್ಟಳು.

ಅತ್ತೆಯ ಮುಖ ಆ ದಿನ ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು.

ಮರುದಿನ ನಾನು ಆಫೀಸಿಗೆ ಹೊರಟಾಗ ಛತ್ರಿ ಮಾವ ಫೋನನ್ನು ಕೆಂಡದ ಹಾಗೆ ಹಿಡಿದು ಕೂತಿದ್ದ. “ಅಳಿಯಾ, ಬಂತು ನೋಡೋ ಅಜ್ಜಿದು! ನನ್ನ ಬೆರಳಿಗೆ ಈ ಫೋನು ಬಗ್ಗಲ್ಲ. ಬೇಗ ಬರಿ, ಬೇಗ!” ಅಜ್ಜಿಯ ಮಾತಿನ ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೇ ಬರೆದೆ: ‘ರೂಮು ನನಗೆ ಬೇಕು ಅಜ್ಜೀ. ಇಂತಿ ಛತ್ರಿ.’ ಒತ್ತಿದೆ. ಹೋಯಿತು. ಕೆಳಗೆ ಒಂದೇ ಒಂದು ಉತ್ತರ, ನಮ್ಮದು. ಅವನು ನನ್ನ ಬೆನ್ನಿಗೆ ಹೊಡೆದ ಏಟಿಗೆ ನಾನು ಬಸ್ಸಿನವರೆಗೆ ಕೆಮ್ಮುತ್ತ ಹೋದೆ.

ಸಂಜೆ ಬಂದು ನೋಡಿದರೆ ಅಜ್ಜಿಯ ಕೆಳಗೆ ಮೊದಲು ನಿಂತಿರುವುದು ಹೊಲಿಗೆಯಕ್ಕ. ಅವಳ ಕೆಳಗೆ ನಾವು.

ಕಣ್ಣುಜ್ಜಿಕೊಂಡೆ. ನನ್ನ ಕೈಯಾರೆ ಒತ್ತಿದ್ದೆ. ಆಗ ಅಲ್ಲಿ ಯಾರೂ ಇರಲಿಲ್ಲ. ಹಿಂದೆ ಬಂದವಳು ಮುಂದೆ ನಿಲ್ಲಬೇಕಾದರೆ ಯಾರೋ ಎತ್ತಿ ನಿಲ್ಲಿಸಿರಬೇಕು. ಎತ್ತಿ ನಿಲ್ಲಿಸುವುದು ಹೇಗೆಂದು ನನಗೆ ಹೇಳಿಕೊಡಬೇಕೆ? ದಿನವೂ ಉಣ್ಣುವುದು ಅದರದೇ ಅನ್ನ.

ಛತ್ರಿ ಮಾವ ಅಂಗಡಿಯ ಮುಂದೆ ಆಗಲೇ ನಿಂತಿದ್ದ. ಅವನ ಹಿಂದೆ ಅರ್ಧ ಬೀದಿ.

“ಅಕ್ಕೋ, ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಹೇಳಿ?”

“ನಾನು ಮುಟ್ಟಿಲ್ಲ ಕಣಪ್ಪ. ಕಪಾಟಿನ ಬೀಗಾನೇ ತೆಗೆದಿಲ್ಲ.”

“ಬೀಗ ತೆಗೀದೇ ಒಳಗೆ ಹೋಗೋ ವಿದ್ಯೆ ನಿಮಗಲ್ಲದೆ ಇನ್ಯಾರಿಗೆ ಬರುತ್ತೆ?”

ಜನ ನಕ್ಕರು. ಅತ್ತೆ ಅಭ್ಯಾಸಬಲದಿಂದ ಎರಡೂ ಅಂಗೈ ಬಿಚ್ಚಿದಳು. “ಕೈಯಲ್ಲಿ ಇರಲ್ಲ ಬಿಡ್ರೀ ಅದು,” ಎಂದಿತು ಹಿಂದಿನ ಸಾಲಿನ ಒಂದು ದನಿ. ಅತ್ತೆ ಕೈ ಇಳಿಸಿದಳು. ನನ್ನ ಕಡೆ ನೋಡಿದಳು. ನಾನು ಆ ಹೊತ್ತಿಗೆ ಗೋಡೆಯ ಮೊಳೆಗಳನ್ನು ಎಣಿಸುತ್ತಿದ್ದೆ.

ಆ ವಾರ ಅಂಗಡಿಯ ಯಂತ್ರದ ಸದ್ದು ಕಡಿಮೆಯಾಗುತ್ತ ಬಂತು. ಕೆಲವರು ಮುಂದಿನ ವೃತ್ತದ ಅಂಗಡಿಗೆ ಕೀ ಹಿಡಿದು ಹೋಗುವುದನ್ನು ನಾನೇ ಕಂಡೆ. ಬಂದ ಒಬ್ಬಾಕೆ ಕೀ ಕೊಟ್ಟು, ಯಂತ್ರದ ಪಕ್ಕದಲ್ಲೇ ನಿಂತು, ಕೊರೆದು ಮುಗಿಯುವವರೆಗೆ ಅತ್ತೆಯ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ. ಹೋಗುವಾಗ, “ಒಂದೇ ತಾನೇ ಮಾಡಿದ್ದು?” ಅಂದಳು. ಅತ್ತೆ ಇಷ್ಟು ವರ್ಷ ಎಲ್ಲರ ಮೇಲೂ ಅನುಮಾನಪಟ್ಟವಳು. ಅದು ತನ್ನ ಕಡೆ ತಿರುಗಿದಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಆಮೇಲೆ ಬಹಳ ಹೊತ್ತು ಅವಳು ಅದೇ ಹಿತ್ತಾಳೆ ಪುಡಿಯನ್ನು ಗುಡಿಸಿದಳು.

ಗುಡಿಸಿ ಮುಗಿದ ಮೇಲೆ ಅವಳ ಅನುಮಾನ ಒಂದು ಸುತ್ತು ಹಾಕಿ ನನ್ನ ಮೇಲೆ ಬಂದು ಕೂತಿತು. ಮಹಡಿಗೆ ಹೋಗಿ ನೋಡಿದರೆ ನನ್ನ ಕೋಣೆಯ ಬೀಗ ಬದಲಾಗಿದೆ.

“ಅತ್ತೆ, ಇದೇನಿದು?”

“ನೀನೇ ಹೇಳು ಏನಿದು ಅಂತ. ಇಂಥ ಕೆಲಸ ಈ ಬೀದೀಲಿ ಇನ್ಯಾರಿಗೆ ಬರುತ್ತೆ? ನಿನ್ನ ಕಂಪನಿಯೋರು ನಿನ್ನನ್ನ ಇಲ್ಲಿಗೆ ಬಿಟ್ಟಿದ್ದಾರಾ, ನನ್ನ ಸಾಲು ಕೆಡಿಸು ಅಂತ?”

“ನಮ್ಮ ಕಂಪನಿಗೆ ನಾನು ಬದುಕಿದ್ದೀನೋ ಇಲ್ಲವೋ ಅನ್ನೋದೇ ಗೊತ್ತಿಲ್ಲ. ಮಾಡಿದ್ದು ನೀನು! ಗೆಳತಿಗೋಸ್ಕರ. ನಾನೇ ಸಾಕ್ಷಿ, ನಾನೇ ಒತ್ತಿದ್ದು.”

“ನಾನಾ? ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕ್ಕೋತೀನಾ?”

“ಗುಟ್ಟಾಗಿ ಬರೆದದ್ದನ್ನೂ ಓದ್ತೀಯಾ ನೀನು. ಆ ಟೀ ಯಾಕೆ ಗಟ್ಟಿಯಾಯ್ತು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ಈ ಘಳಿಗೆಯಲ್ಲೂ ಅತ್ತೆಗೆ ನಗು ಬಂತು. “ಲೋ ಮಂಕೇ! ನಿನ್ನ ಆಫೀಸಿನವನು ಬೈಕಿನ ಕೀ ಮಾಡಿಸೋಕೆ ಬಂದಿದ್ದ. ಟೀ ಕೊಟ್ಟೆ. ಒಂದು ಗುಟುಕು ಕುಡಿದು, ‘ನಿಮ್ಮ ಅಳಿಯ ಬರೆದಿದ್ದು ಸುಳ್ಳಲ್ಲ ಆಂಟೀ’ ಅಂತ ಪೂರ್ತಿ ಓದಿ ಹೇಳಿದ. ಇಡೀ ಅಂಗಡಿ ಕೇಳಿತು.”

ಗೋಡೆಗೂ ಕಿವಿ ಇರುತ್ತದೆ ಎಂದು ಹೆದರಿ ಗೋಡೆಯನ್ನೇ ತಡವಿಕೊಂಡಿದ್ದ ನಾನು, ಪಕ್ಕದ ಕುರ್ಚಿಗೆ ಬಾಯಿಯಿದೆ ಎನ್ನುವುದನ್ನು ಮರೆತಿದ್ದೆ. ಅತ್ತೆ ಹೊಸ ಬೀಗದ ಕೀಯನ್ನು ನನ್ನ ಕೈಗೆ ಬಿಸಾಕಿ ಇಳಿದುಹೋದಳು. ಇಬ್ಬರಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬಿದ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಮೂಲಕ ಹೊರಗೆ ಓಡುತ್ತಿದ್ದೆ. ಗಡಿಯಾರ ನೋಡಿ, “ಅಯ್ಯೋ, ಬಸ್ಸು!” ಎಂದೆ.

“ಅದರಲ್ಲಿ ಹತ್ತು ಕಳೆಯೋ,” ಅಂದಳು ಅತ್ತೆ, ನನ್ನ ಕಡೆ ನೋಡದೆ. “ಎಷ್ಟು ದಿನ ಆಯ್ತು ಈ ಮನೆಗೆ ಬಂದು? ಇಲ್ಲಿರೋದೆಲ್ಲಾ ಹಾಗೇ ತಾನೇ.”

“ಎಲ್ಲಾ?”

“ಎಲ್ಲಾ. ಗೋಡೇದು, ಅಡಿಗೆಮನೇದು, ನನ್ನ ಕೈದು...” ಎಂದು ಬೆರಳು ಮಡಿಸುತ್ತ ಹೋದವಳು ನಾಲ್ಕನೆಯ ಬೆರಳಿಗೆ ನಿಂತಳು. ಆ ಬೆರಳು ಮಡಿಚಲೂ ಇಲ್ಲ, ಬಿಚ್ಚಲೂ ಇಲ್ಲ. ತಲೆ ನಿಧಾನವಾಗಿ ಕಪಾಟಿನ ಕಡೆ ತಿರುಗಿತು.

ಎರಡು ಬೀಗ ತೆಗೆಯುವಾಗ, ಜೀವಮಾನದಲ್ಲಿ ಮೊದಲ ಸಲ ಇರಬೇಕು, ಅವಳ ಕೈ ತಪ್ಪಿತು. ಪರದೆ ಬೆಳಗಿತು. ಮೂಲೆಯಲ್ಲಿ ಗಂಟೆ. ನನ್ನ ಫೋನನ್ನು ಪಕ್ಕದಲ್ಲಿ ಹಿಡಿದೆ. ಕಂಪ್ಯೂಟರು ಬೀಗದತ್ತೆ ಟೈಮಿನಲ್ಲಿತ್ತು.

“ಲೈಬ್ರರಿಯವರು ವರ್ಗವಾಗಿ ಹೋದ್ರಲ್ಲ,” ಅಂದಳು ಅತ್ತೆ, ತಗ್ಗಿದ ದನಿಯಲ್ಲಿ. “ಆಮೇಲೆ ನೋಡ್ತೀನಿ, ಇದು ತನ್ನಷ್ಟಕ್ಕೆ ತಾನೇ ಹೊರಗೆ ಯಾರನ್ನೋ ಕೇಳಿ ಕೇಳಿ ಗಂಟೆ ಸರಿಮಾಡ್ಕೊಳ್ತಾ ಇತ್ತು. ಯಾರೋ ಏನೋ. ನನ್ನ ಮನೇಲಿದ್ದು ಕಂಡೋರ ಮಾತು ಕೇಳೋದಾ ಅಂತ ಅದನ್ನ ನಿಲ್ಲಿಸಿದೆ. ನಾನೇ ಕೈಯಲ್ಲಿ ಇಟ್ಟೆ. ಇಡುವಾಗ... ಎಲ್ಲಾ ಗಡಿಯಾರಕ್ಕೂ ಇಟ್ಟ ಹಾಗೆ ಇಟ್ಟೆ ಕಣೋ.”

ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಛತ್ರಿ ಮಾವ ಇರುವುದು ನಮ್ಮ ಸಾಲಿನಲ್ಲೇ. ಅವನು ಬರೆದದ್ದಕ್ಕೆ ಈ ಪೆಟ್ಟಿಗೆ ಹತ್ತು ನಿಮಿಷ ಮುಂದಿನ ಹೊತ್ತಿನ ಮುದ್ರೆ ಒತ್ತಿತ್ತು. ಹೊಲಿಗೆಯಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಡಿಪೋದವರೂ ನಮ್ಮ ಹಾಗೆ ತಮ್ಮದೇ ಒಂದು ಸರ್ವರು ಇಟ್ಟುಕೊಂಡಿದ್ದಾರೆ, ಅವಳ ಖಾತೆ ಇರುವುದು ಅದರಲ್ಲಿ. ಅಲ್ಲಿ ಗಂಟೆ ಸರಿಯಾಗಿದೆ. ಅವಳು ನಿಜವಾಗಿ ನಮ್ಮ ಹಿಂದೆಯೇ, ಒಂದೆರಡು ನಿಮಿಷ ತಡವಾಗಿ ಬರೆದಿದ್ದಳು. ಅವಳ ಮಾತು ಆ ಕಿಟಕಿಯಿಂದ ಈ ಕಿಟಕಿಗೆ ಬರುವಾಗ ತನ್ನ ಸರಿಯಾದ ಹೊತ್ತನ್ನು ಹೊತ್ತುಕೊಂಡೇ ಬಂದು, ನಮ್ಮ ಸುಳ್ಳು ಹೊತ್ತಿನ ಮುಂದೆ ಹೋಗಿ ನಿಂತಿತ್ತು. ಯಾರೂ ಎತ್ತಿ ನಿಲ್ಲಿಸಿರಲಿಲ್ಲ. ಬೀದಿಯ ಜನಕ್ಕೆಲ್ಲ ಹತ್ತು ಕಳೆಯಲು ಗೊತ್ತು, ಪೆಟ್ಟಿಗೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ದಿನ ಯಾರಿಗೂ ಗೊತ್ತಾಗಿರಲೂ ಇಲ್ಲ. ಬೆಕ್ಕು ಕಳೆದಿದೆ ಎಂಬ ಮಾತು ಗ್ಯಾಸಿನವನ ಮುಂದೆ ನಿಂತರೇನು, ಹಿಂದೆ ನಿಂತರೇನು?

ನನ್ನ ಕಸುಬು ತಕ್ಷಣ ನಾಲಿಗೆಗೆ ಬಂತು. “ಅತ್ತೆ, ಸುಮ್ಮನೆ ಗಂಟೆ ಸರಿಮಾಡಿ ಬೀಗ ಹಾಕಿಬಿಡು. ಯಾರಿಗೂ ಗೊತ್ತಾಗಲ್ಲ. ಹೊಲಿಗೆಯಕ್ಕನೂ ರೂಮಿಗೆ ಮಿಷನ್ನು ಸಾಗಿಸಿ ಆಯ್ತು. ಸ್ವಲ್ಪ ದಿನ ಬೈತಾರೆ, ಮರೀತಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಅತ್ತೆ ನನ್ನನ್ನು ಕೀ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ನೋಡಿದಳು. “ಯಾರ ಮನೇದೋ ನೀನು?” ಅಂದಳು.

ನಾನು ಆ ದಿನ ಆಫೀಸಿಗೆ ಹೋಗಲಿಲ್ಲ.

ಅವಳು ಮೊದಲು ಹೋದದ್ದು ಮೂಲೆಯ ರೂಮಿಗೆ. ಹೊಲಿಗೆಯಕ್ಕ ಗೋಡೆಗೆ ದಾರದ ಉಂಡೆಗಳನ್ನು ಜೋಡಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ಗಡಿಯಾರದ ಕಥೆಯನ್ನು ಏನೂ ಬಿಡದೆ ಹೇಳಿದಳು.

“ಈಗ ಏನು, ನನ್ನನ್ನ ಕೇಳೋಕೆ ಬಂದ್ಯೋ, ಹೇಳೋಕೆ ಬಂದ್ಯೋ?” ಎಂದಳು ಹೊಲಿಗೆಯಕ್ಕ.

“ಹೇಳೋಕೆ ಕಣೇ.”

“ಬಾಯಿ ಮುಚ್ಚಿಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನೇನು ಮೋಸ ಮಾಡಿದ್ನಾ?”

“ನೀನು ಮಾಡಿಲ್ಲ. ನನ್ನ ಪೆಟ್ಟಿಗೆ ಮಾಡಿದೆ. ನನ್ನ ಪೆಟ್ಟಿಗೆ ಮಾಡಿದ್ದು ಅಂದ್ರೆ ನಾನು ಮಾಡಿದ ಹಾಗೇ.”

ಹೊಲಿಗೆಯಕ್ಕ ದಾರದ ಉಂಡೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. “ಮಧ್ಯಾಹ್ನ ಟೀಗೆ ಕಾಯಬೇಡ,” ಎಂದಷ್ಟೇ ಹೇಳಿದಳು.

ಅತ್ತೆ ಅಂಗಡಿಗೆ ಬಂದು ಸಾಲಿನಲ್ಲಿ ಬರೆದಳು. ನಾನು ಒಂದು ಚಂದದ ವಾಕ್ಯ ಕಟ್ಟಿಕೊಡುತ್ತೇನೆಂದೆ. ಬೇಡವೆಂದಳು. ಬರೆದದ್ದು ಇಷ್ಟು: ‘ಕಪಾಟಿನ ಗಡಿಯಾರ ನನ್ನ ಗೋಡೆ ಗಡಿಯಾರದ ಹಾಗೇ ಹತ್ತು ನಿಮಿಷ ಮುಂದಿತ್ತು. ಇಟ್ಟವಳು ನಾನೇ. ಮೊದಲು ಕೇಳಿದ್ದು ಛತ್ರಿಯವರು. ಕಪಾಟು ತೆರೆದಿಟ್ಟಿದ್ದೀನಿ, ಬಂದು ನೋಡಿ.’

ಬಂದರು. ಎಲ್ಲರಿಗಿಂತ ಮೊದಲು ಛತ್ರಿ ಮಾವ, ಮುಖದಲ್ಲಿ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚು.

“ಈಗ್ಯಾಕೆ ಹೇಳ್ತಿದ್ದೀರಿ ಅಕ್ಕ? ಇದರಲ್ಲಿ ಇನ್ನೇನೋ ಇದೆ.”

“ಏನಪ್ಪ ಇರುತ್ತೆ?”

“ಅದೇ ಗೊತ್ತಾಗ್ತಿಲ್ಲ. ರೂಮು ಸೋರುತ್ತಾ?”

ಅವನು ಕಪಾಟಿನ ಪರದೆ ನೋಡಿದ, ಗೋಡೆಯ ಗಡಿಯಾರ ನೋಡಿದ, ತನ್ನ ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಅತ್ತೆ ಗಂಟೆಯನ್ನು ಇನ್ನೂ ತಿದ್ದಿರಲಿಲ್ಲ, ಎಲ್ಲರೂ ನೋಡಲಿ ಎಂದೇ ಹಾಗೆ ಬಿಟ್ಟಿದ್ದಳು. ಪೆಟ್ಟಿಗೆ ಮತ್ತು ಗೋಡೆ ಎರಡೂ ಒಂದೇ ಸುಳ್ಳನ್ನು ಹೇಳುತ್ತಿದ್ದವು. ಹಿಂದಿನಿಂದ ಒಬ್ಬಳು ಕಿಸಕ್ಕನೆ ನಕ್ಕಳು. “ಅಯ್ಯೋ, ಕಂಪ್ಯೂಟರಿಗೂ ಬೀಗದತ್ತೆ ಟೈಮಾ!” ಎಂದಳು. ಬೀದಿಗೆ ಬೀದಿಯೇ ನಕ್ಕಿತು. ವಾರದಿಂದ ಏನು ಹೇಳಿದರೂ ನಂಬದಿದ್ದ ಜನ ಇದನ್ನು ಮಾತ್ರ ಒಂದೇಟಿಗೆ ನಂಬಿದರು. ಯಾಕೆಂದರೆ ಈ ತಪ್ಪನ್ನು ಮಾಡಲು ಲೋಕದಲ್ಲಿ ನಮ್ಮತ್ತೆ ಒಬ್ಬಳಿಂದಲೇ ಸಾಧ್ಯ ಎಂದು ಅವರೆಲ್ಲರಿಗೂ ಗೊತ್ತಿತ್ತು.

“ಗುಟ್ಟಾಗಿ ಬರೆದದ್ದನ್ನ ಓದಬಹುದಂತಲ್ಲ, ಹೌದಾ?” ಎಂದು ಯಾರೋ ಕೇಳಿದರು. ಇಂಥ ವಿಚಾರವನ್ನು ಬೀದಿಗೆ ಹಬ್ಬಿಸಿದವನು ಯಾರೆಂದು ನಾನು ಹೇಳುವುದಿಲ್ಲ.

“ಓದಬಹುದು,” ಅಂದಳು ಅತ್ತೆ. “ನಿಮ್ಮೆಲ್ಲರ ಮನೆಗೂ ನಾನು ನುಗ್ಗಬಹುದು. ನುಗ್ಗಿದ್ದೀನಾ? ಅನುಮಾನ ಇದ್ರೆ ಗುಟ್ಟನ್ನ ಇದರಲ್ಲಿ ಬರೀಬೇಡಿ. ನಾನಾಗಿದ್ರೆ ಬರೀತಿರಲಿಲ್ಲ.”

ಒಬ್ಬಿಬ್ಬರು ಅಂದೇ ಸಾಲು ಬಿಟ್ಟು ಹೋದರು. ಉಳಿದವರು ಅಲ್ಲೇ ಉಳಿದರು. ಗ್ಯಾಸಿನವನು ಎಲ್ಲಿದ್ದಾನೆಂದು ತಿಳಿಯಬೇಕಲ್ಲ. ಅತ್ತೆ ಎಲ್ಲರ ಮುಂದೆ ಪೆಟ್ಟಿಗೆಯ ಗಂಟೆಯನ್ನು ಸರಿಮಾಡಿ, ಹೊರಗಿನವರನ್ನು ಕೇಳಿ ತಿದ್ದಿಕೊಳ್ಳಲು ಅದಕ್ಕೆ ಮತ್ತೆ ಅಪ್ಪಣೆ ಕೊಟ್ಟಳು. ಮುಖ ಮಾತ್ರ ಅಪರಿಚಿತನಿಗೆ ಮನೆಯ ಕೀ ಕೊಟ್ಟವಳ ಹಾಗಿತ್ತು. ಗೋಡೆಯ ಗಡಿಯಾರವನ್ನು ಮುಟ್ಟಲಿಲ್ಲ.

ರೂಮು ಛತ್ರಿ ಮಾವನಿಗಾಯಿತು. ಹೊಲಿಗೆಯಕ್ಕ ಲಾಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಅರ್ಧ ಜಾಗ ಹಿಡಿದಳು, ಕಿಟಕಿಯಿಲ್ಲದ್ದು. ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಆದರೂ ಕೆಲವರು ಯಂತ್ರದ ಪಕ್ಕ ಬಂದು ನಿಲ್ಲುವುದನ್ನು ಬಿಡಲಿಲ್ಲ, ಅತ್ತೆ ಬೇಡವೆನ್ನಲೂ ಇಲ್ಲ. ಮಧ್ಯಾಹ್ನ ಎರಡು ಲೋಟ ಟೀ ಮಾಡುತ್ತಿದ್ದಳು. ಎರಡನೆಯದು ಸಂಜೆ ನಾನು ಬರುವವರೆಗೆ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ನಾನು ತಣ್ಣಗೇ ಕುಡಿಯುತ್ತಿದ್ದೆ. ಟೀಯ ಬಗ್ಗೆ ಬರೆಯುವುದನ್ನು ಬಿಟ್ಟಿದ್ದೆ.

ಒಂದು ರಜೆಯ ದಿನ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಹೊಲಿಗೆಯಕ್ಕ ಬಂದಳು. ನನ್ನನ್ನು ದಾಟಿ ಒಳಗೆ ಹೋಗಿ ಶೆಡ್ಡಿನ ಕೀಯನ್ನು ಮೇಜಿನ ಮೇಲಿಟ್ಟಳು.

“ಇನ್ನೊಂದು ಬೇಕು. ನಮ್ಮನೆಯವರಿಗೆ.”

ಅತ್ತೆ ಕೀಯನ್ನು ಬೆಳಕಿಗೆ ಹಿಡಿದಳು. ‘ಯಾರ ಮನೇದು’ ಎಂದು ಕೇಳಲಿಲ್ಲ. ಯಂತ್ರ ಕೂಗತೊಡಗಿತು. ಹೊಲಿಗೆಯಕ್ಕ ಯಂತ್ರಕ್ಕೆ ಬೆನ್ನು ತಿರುಗಿಸಿ, ಬಾಗಿಲ ಚೌಕಟ್ಟಿಗೆ ಒರಗಿ, ಬೀದಿಯನ್ನು ನೋಡುತ್ತ ನಿಂತಳು. ಕೊರೆದು ಮುಗಿಯುವವರೆಗೂ ಒಂದು ಸಲವೂ ತಿರುಗಲಿಲ್ಲ. ಅತ್ತೆ ಪುಡಿ ಊದಿ, ಎರಡೂ ಕೀಗಳನ್ನು ಕೊಟ್ಟು, ಅಂಗೈ ಬಿಚ್ಚಿ ಹಿಡಿದಳು.

“ಇಳಿಸೇ ಕೈನ,” ಅಂದಳು ಹೊಲಿಗೆಯಕ್ಕ. ಕೀ ಸೆರಗಿಗೆ ಕಟ್ಟಿಕೊಂಡು ಸ್ಟೂಲು ಎಳೆದು ಕೂತಳು. “ಟೀ ಇಡು. ಅಳಿಯನಿಗೆ ದೂರದಿಂದ ತೋರಿಸ್ತೀಯಲ್ಲ, ಅದಲ್ಲ. ಗಟ್ಟಿದು.”